ಅತ್ತಿಗೆಯ ಜರ್ಮನ್ ದಿಗಿಲು

ನಮ್ಮ ಅತ್ತಿಗೆಗೆ ಹಾವು ಚೇಳಿನ ಹೆದರಿಕೆ ಇಲ್ಲ. ಜರ್ಮನ್ ಶಬ್ದ ಕಂಡರೆ ಮಾತ್ರ ಎದೆ ಢವಢವ! ಹಾಗಂತ ಬಿಟ್ಟಾರೆಯೇ? ಅದೇ ಅವರ ಕಸುಬು. ಸುರಪುರದಿಂದ ಪುಣೆಗೆ ಗೌಂಡಿ ಕೆಲಸಕ್ಕೆ ಹೋದವರ ಮಗಳು, ಅಲ್ಲೇ ಕಾಲೇಜಿನಲ್ಲಿ ಜರ್ಮನ್ ಕಲಿತರು. ಈಗ ಭೀಮರಾಯನಗುಡಿ ಕ್ಯಾಂಪಿನ ನಮ್ಮ ಕ್ವಾರ್ಟರ್ಸಿನಲ್ಲಿ ಕೂತು ಜರ್ಮನ್ ಷೇರುಪೇಟೆಯ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಅವೆಲ್ಲ ಷೇರು ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಈಗಲೇ ಮಾಡಿಕೊಳ್ಳುವ ಕರಾರುಗಳಂತೆ. ನನಗೆ ತಿಳಿದದ್ದು ಅಷ್ಟೇ!

ಒಮ್ಮೆ ಫೋನಿನಲ್ಲಿ, ಕೆಲಸ ಕೊಡುವ ಏಜೆನ್ಸಿಯವರಿಗೆ "ವಾರಂಟ್, ವಾರಂಟ್" ಎಂದು ಕೂಗುತ್ತಿದ್ದರು. ಪಕ್ಕದ ಮನೆಯ ಕಾಕಾ ಓಡಿಬಂದು ನನ್ನ ರಟ್ಟೆ ಹಿಡಿದರು: "ಯಾರ ಮ್ಯಾಲ ವಾರಂಟ್ ಬಂತೋ? ನಿಮ್ಮಣ್ಣ ಏನ್ ಮಾಡ್ಯಾನ?" ಅದು ಒಂದು ನಮೂನೆ ಕರಾರಿನ ಹೆಸರು ಎಂದರೂ ನಂಬಲಿಲ್ಲ. ಸಂಜೆಯೊಳಗೆ ವಕೀಲರನ್ನೇ ಕರೆತಂದರು!

ಇನ್ನೊಂದು ದಿನ ಅತ್ತಿಗೆ ಕೇಳಿದರು, "ಕರಾರು ಮಾರಿದಾಂವಗ ಜರ್ಮನ್‌ದಾಗ 'ಸ್ಟಿಲ್‌ಹಾಲ್ಟರ್' ಅಂತಾರ. ಅಂದ್ರ ಸುಮ್ಮ ಕುಂತಾಂವ. ಇಂಗ್ಲಿಷ್‌ದಾಗ ಏನಂತಾರ ಗೊತ್ತೇನು?"

"ಏನಂತಾರ್ರಿ?"

"ರೈಟರ್!"

ಪತ್ರಿಕೆಗೆ ಬರೆಯುವ ನನ್ನನ್ನು ಅವ್ವ ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಖರೇನ ಐತಿ ಬಿಡು."

ಆದರೆ ಅದೇ ಶಬ್ದ ನಮ್ಮ ನಗುವನ್ನೆಲ್ಲ ನುಂಗಿತು. ಮನೆಮಂದಿಯೆಲ್ಲ ಟಂಟಂ ಗಾಡಿಯಲ್ಲಿ ಶಿರವಾಳದ ಹಳೆಯ ಗುಡಿ ನೋಡಲು ಹೋಗಿದ್ದೆವು. ಕಂಬದ ಪಕ್ಕ ಅತ್ತಿಗೆ ಗಕ್ಕನೆ ನಿಂತರು.

"ಒಂದ್ ಕಡಿ ರೈಟರ್ ಬದಲಿ ಹೋಲ್ಡರ್ ಅಂತ ಬರದೀನಿ! ಮಾರಿದಾಂವ ಹೋಗಿ ಕೊಂಡಾಂವ ಆಗ್ಯಾನ! ನಿನ್ನೆನ ಕಳ್ಸಿಬಿಟ್ಟೀನಿ!"

"ಯಾರೂ ನೋಡಿಲ್ಲಲ್ರಿ, ಸುಮ್ನಿರ್ರಿ," ಅಂದೆ.

"ಹೇಳಿದ್ರ ನನ್ನ ಕೆಲಸ ಹೋಗ್ತದ. ಹೇಳಲಿಲ್ಲಂದ್ರ ನಂಬಿ ಓದಿದಾಂವ ಮುಳುಗ್ತಾನ."

ಅಲ್ಲಿ ಸಿಗ್ನಲ್ ಇಲ್ಲ. ಗಾಡಿ ಹೊರಳಿಸಿದೆವು. ಶಹಾಪುರದ ದಾರಿಯಲ್ಲಿ ಮೊಬೈಲಿಗೆ ಎರಡು ಗೀಟು ಬಂದದ್ದೇ ತಡ, ಇಳಿದು ಹೊಲದ ಬದುವಿಗೆ ಓಡಿದರು. ಸುತ್ತ ಕುರಿಹಿಂಡು. ಏಜೆನ್ಸಿಗೆ ತಪ್ಪೊಪ್ಪಿಗೆ ಒತ್ತುತ್ತಿದ್ದರೆ ಆಡೊಂದು ಅವರ ಸೆರಗು ಜಗಿಯುತ್ತಿತ್ತು. ಅವರಿಗೆ ಖಬರೇ ಇಲ್ಲ!

ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಚಹಾಕ್ಕೆ ಉಪ್ಪು ಹಾಕಿದರು. ಎಲ್ಲರೂ ಸುಮ್ಮನೆ ಕುಡಿದೆವು. ಹೇಳಲು ಯಾರಿಗೆ ಧೈರ್ಯ? ಮೂರನೆಯ ದಿನ ಉತ್ತರ ಬಂತು: ಅಚ್ಚಾಗುವ ಮುಂಚೆಯೇ ತಿದ್ದಿದ್ದೇವೆ. ಮುಂದಿನ ಕೆಲಸ ಮಾತ್ರ ಬೇರೆಯವರಿಗೆ ಕೊಟ್ಟಿದ್ದೇವೆ.

ಅತ್ತಿಗೆ ಮೊಬೈಲ್ ಬೋರಲು ಹಾಕಿ ಪಡಸಾಲೆಯಲ್ಲಿ ಕೂತರು. ಅವ್ವ ಒಳಗೆ ಹೋಗಿ ಹಾಸಿಗೆಯ ಅಡಿಯಿಂದ ಮಡಚಿದ ಕಾಗದವೊಂದನ್ನು ತಂದಳು. ಅವಳ ಕಣ್ಣಿನ ಆಪರೇಷನ್ನಿನ ಒಪ್ಪಿಗೆ ಪತ್ರ. ತಿಂಗಳಿಂದ ಬಚ್ಚಿಟ್ಟಿದ್ದಳು, ಅಣ್ಣನಿಗೂ ಕೊಟ್ಟಿರಲಿಲ್ಲ, ನನಗೂ ಕೊಟ್ಟಿರಲಿಲ್ಲ.

"ನಾ ಅಂಜತೀನಂತ ಈ ಹುಡುಗ್ರು ಅರ್ಧಾ ಮುಚ್ಚಿ ಓದ್ತಾರವ್ವ. ನೀ ಓದು. ಇದ್ದದ್ದು ಇದ್ದಂಗ ಓದು."

ಅತ್ತಿಗೆ ಕಣ್ಣೊರೆಸಿಕೊಂಡು, ಏನೇನು ಕೆಡಬಹುದು ಎಂಬುದನ್ನೂ ಬಿಡದೆ, ನಿಧಾನವಾಗಿ ಕೊನೆಯವರೆಗೆ ಓದಿದರು. ಅವ್ವ ಅವರ ಮೊಣಕೈ ಹಿಡಿದುಕೊಂಡು ಕೇಳಿದಳು. ಆಮೇಲೆ ಮಸಿ ಹಚ್ಚಿದ ಹೆಬ್ಬೆರಳು ಮುಂದೆ ಚಾಚಿದಳು.

"ಎಲ್ಲಿ ಒತ್ತಲಿ, ತೋರ್ಸು."