ತಮ್ಮಯ್ಯ ಬೀಡಿ ಬಿಟ್ಟಿದ್ದು

ತಮ್ಮಯ್ಯನ ಹೆಂಡತಿ ಸುಲೋಚನಮ್ಮ ತವರಿಗೆ ಹೊರಟುಹೋಗಿದ್ದಕ್ಕೆ ಕಾರಣ ಒಂದು ತೂತು. ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದಿರಬಹುದು, ಅಷ್ಟೆ. ಆದರೆ ಅದು ಬಿದ್ದದ್ದು ಅವಳ ಹೊಸ ನೈಲೆಕ್ಸ್ ಸೀರೆಯ ಸೆರಗಿನ ಮೇಲೆ, ಅದೂ ಅಜ್ಜಂಪುರದಲ್ಲಿ ಅಂಥ ಸೀರೆ ಉಟ್ಟವರು ಇನ್ನೂ ಮೂವರೇ ಇದ್ದ ಕಾಲದಲ್ಲಿ. ಕಿಡಿ ಹಾರಿದ್ದು ತಮ್ಮಯ್ಯನ ಕೈಯಲ್ಲಿದ್ದ ಬೀಡಿಯಿಂದ.

ಹಾಗೆ ನೋಡಿದರೆ ತಮ್ಮಯ್ಯ ಬೀಡಿ ಸೇದುವವನೇ ಅಲ್ಲ. ಜನ್ಮದಲ್ಲಿ ಒಂದು ಬೀಡಿ ಕಟ್ಟನ್ನಾಗಲಿ ಬೆಂಕಿಪೊಟ್ಟಣವನ್ನಾಗಲಿ ಕೊಂಡವನಲ್ಲ. ಅವನದೊಂದು ಹಿಟ್ಟಿನ ಮಿಲ್ಲು. ರಾಗಿ ಬೀಸಿಸಲು ಬಂದವರು ಸುಮ್ಮನೆ ನಿಂತಿರಲಾರದೆ ಬೀಡಿ ಹಚ್ಚುತ್ತಾರೆ, ಹಚ್ಚಿದವರು ತಮ್ಮಯ್ಯನಿಗೂ ಒಂದು ಕೊಡುತ್ತಾರೆ, ಕೊಟ್ಟದ್ದನ್ನು ಬೇಡ ಅನ್ನಲು ಅವನಿಗೆ ನಾಲಗೆ ಹೊರಳುವುದಿಲ್ಲ. ಒಬ್ಬನೇ ಇದ್ದಾಗ ಅವನಿಗೆ ಬೀಡಿಯ ನೆನಪೂ ಆಗದು. ಆದರೆ ಒಬ್ಬನೇ ಇರಲು ಅಜ್ಜಂಪುರದ ಜನ ಬಿಟ್ಟರೆ ತಾನೆ! ಹೀಗೆ ದಾಕ್ಷಿಣ್ಯಕ್ಕೆ ಸೇದಿ ಸೇದಿ ದಿನಕ್ಕೆ ಹದಿನೈದಕ್ಕೆ ಬಂದು ನಿಂತಿತ್ತು.

ಸುಲೋಚನಮ್ಮ ಹೋದ ದಿನವೇ ಬಿಟ್ಟ. ಬಿಟ್ಟು ಇಪ್ಪತ್ತು ದಿನವಾಗಿತ್ತು. ತಾನೇ ತೊಳಸಿದ ಗಂಟುಗಂಟು ಮುದ್ದೆ ನುಂಗುತ್ತ, ಬಿಕೋ ಅನ್ನುವ ಮನೆಯಲ್ಲಿ ಗೋಡೆ ನೋಡುತ್ತ ಕೂತು ಅವನು ನಿಜಕ್ಕೂ ಸೊರಗಿದ್ದ. ಕೊನೆಗೆ ಯಗಟಿಯಿಂದ ಮಾವ ಹನುಮಂತಪ್ಪನವರ ಕಾಗದ ಬಂತು. "ತಾವು ಬಿಟ್ಟಿದ್ದೀರೆಂದು ತಿಳಿದು ಸಂತೋಷ. ಗುರುವಾರ ಮಧ್ಯಾಹ್ನದ ರೈಲಿಗೆ ಮಗಳನ್ನು ಕರೆತರುತ್ತೇನೆ. ಬೀಡಿಯ ವಾಸನೆ ಬಂದರೆ ಬಂದ ದಾರಿಯಲ್ಲೇ ಕರೆದೊಯ್ಯುತ್ತೇನೆ."

ಹನುಮಂತಪ್ಪನವರ ಮಾತೆಂದರೆ ಮಾತು. ಅವರು ಬೀದಿಗೆ ಬಂದರೆ ಸಾಕು, ಯಗಟಿಯ ಗಂಡಸರು ಹತ್ತಿದ ಬೀಡಿಯನ್ನು ಮುಷ್ಟಿಯೊಳಗೆ ಬಚ್ಚಿಟ್ಟು ಅಂಗೈ ಸುಟ್ಟುಕೊಳ್ಳುತ್ತಿದ್ದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕೆಟ್ಟದ್ದು ಎಲ್ಲಿ ಅಂದರೆ, ತಮ್ಮಯ್ಯ ಬೀಡಿ ಬಿಟ್ಟ ಸುದ್ದಿ ಊರ ಹೆಂಗಸರಿಗೆಲ್ಲ ಮುಟ್ಟಿತ್ತು. "ತಮ್ಮಯ್ಯಣ್ಣನ್ನ ನೋಡಿ ಕಲೀರಿ" ಎಂದು ಮನೆಮನೆಯಲ್ಲೂ ಪಾಠ ಶುರುವಾಗಿ, ಗಂಡಂದಿರ ಜೇಬು ತಡಕುವುದು ಕಸ ಗುಡಿಸಿದಷ್ಟೇ ಸಹಜವಾದ ಕೆಲಸವಾಗಿಬಿಟ್ಟಿತ್ತು.

ಗುರುವಾರ ಬೆಳಿಗ್ಗೆ ತಮ್ಮಯ್ಯ ಮಿಲ್ಲಿನ ಬೆಲ್ಟು ಏರಿಸುತ್ತಿದ್ದಾಗ ಪಕ್ಕದ ಮನೆಯ ಲಕ್ಕಣ್ಣ ಓಡಿಬಂದ. ಕೊಬ್ಬರಿ ವ್ಯಾಪಾರದವನು, ಆರಡಿ ಆಳು. ಹೆಂಡತಿ ಅಂಜಿನಮ್ಮನ ಎದುರು ನಿಂತರೆ ನಾಲ್ಕೇ ಅಡಿ.

"ತಮ್ಮಯ್ಯ, ಇದನ್ನ ಒಸಿ ಇಟ್ಕಳಪ್ಪ" ಎಂದು ಒಂದು ಬೀಡಿ ಕಟ್ಟನ್ನು ತಮ್ಮಯ್ಯನ ಅಂಗಿಯ ಜೇಬಿಗೆ ತುರುಕಿದ.

"ಲೇ ಲೇ, ಏನಿದು? ನಾನು ಬಿಟ್ಟಿದೀನಿ ಕಣೋ!"

"ಅದಕ್ಕೇ ಕಣೋ ನಿನ್ನ ಹತ್ರ ಬಂದಿದ್ದು. ಊರ್ನಾಗೆ ಯಾರೂ ಹುಡುಕದೆ ಇರೋ ಜೇಬು ಅಂದ್ರೆ ನಿಂದೊಂದೇ. ಇವತ್ತು ನಮ್ಮ ನಾದಿನಿ ಬತ್ತಾಳೆ, ಅಂಜಿನಿ ಜೊತೆ ಸ್ಟೇಷನ್ನಿಗೆ ಹೋಗ್ಬೇಕು. ಸಂಜೆ ಇಸ್ಕತೀನಿ."

ತಮ್ಮಯ್ಯ ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಲಕ್ಕಣ್ಣ ಮಾಯ.

ಹನ್ನೊಂದೂವರೆಗೆ ಬಸ್ ಏಜೆಂಟ್ ಕರಿಯಣ್ಣ ಬಂದ. ಮೊಮ್ಮಕ್ಕಳನ್ನು ಕಂಡ ಮನುಷ್ಯ, ಆದರೆ ಅವತ್ತು ಮುಖ ಸ್ಕೂಲಿಗೆ ಚಕ್ಕರ್ ಹೊಡೆದ ಹುಡುಗನಂತಿತ್ತು.

"ಎಮ್ಮೆದೊಡ್ಡಿಯಿಂದ ನಮ್ಮಣ್ಣ ಬಂದವ್ನೆ ಕಣೋ. ಇದು ಅವನ ಕಣ್ಣಿಗೆ ಬಿದ್ರೆ ನನ್ನ ಚರ್ಮ ಸುಲೀತಾನೆ. ಅವನ್ನ ರೈಲು ಹತ್ತಿಸ್ಬಿಟ್ಟು ಬತ್ತೀನಿ" ಎಂದು ಒಂದು ಸಿಗರೇಟು ಪ್ಯಾಕು, ಒಂದು ಬೆಂಕಿಪೊಟ್ಟಣ ಅದೇ ಜೇಬಿಗೆ ಇಳಿಸಿದ.

"ಕರಿಯಣ್ಣ, ನಮ್ಮ ಮಾವ ಬತ್ತಾರೆ ಕಣೋ ಇವತ್ತು!"

"ಒಳ್ಳೇದೇ ಆಯ್ತು. ಅವರ ಮುಂದೆ ನೀನು ಸೇದ್ತೀಯಾ? ಇಲ್ಲ. ಹಂಗಾರೆ ಮಾಲು ಒಂದೂ ಕಮ್ಮಿ ಆಗಲ್ಲ."

ಹೀಗೆ ಹೇಳಿ ಕರಿಯಣ್ಣನೂ ನಡೆದುಬಿಟ್ಟ. ತಮ್ಮಯ್ಯ ಎಲ್ಲವನ್ನೂ ರಾಗಿ ಮೂಟೆಯ ಸಂದಿಗೆ ಸೇರಿಸಿಬಿಡೋಣವೆಂದು ಎದ್ದರೆ ಬಾಗಿಲಲ್ಲಿ ಹೆಡ್ಮಾಸ್ಟರ್ ಮಲ್ಲಿಕಾರ್ಜುನಯ್ಯನವರು ನಿಂತಿದ್ದರು. ಇಸ್ತ್ರಿ ಪಂಚೆ, ಕೈಯಲ್ಲಿ ಬರೆದ ಹಾಳೆ.

"ತಮ್ಮಯ್ಯ, ಇವತ್ತು ಮಕ್ಕಳಿಗೆ ದುಶ್ಚಟಗಳ ಮೇಲೆ ಭಾಷಣ ಮಾಡ್ತಾ ಇದೀನಿ. ಜೇಬಲ್ಲಿ ಇದನ್ನಿಟ್ಕೊಂಡು ಮಾತಾಡೋಕೆ ಮನಸ್ಸಾಕ್ಷಿ ಒಪ್ಪಲಿಲ್ಲ ಕಣಯ್ಯ" ಎಂದು ಮೇಷ್ಟ್ರು ಇನ್ನೊಂದು ಪ್ಯಾಕು ಮತ್ತು ಹಿತ್ತಾಳೆಯ ಲೈಟರನ್ನು ಅವನ ಜೇಬಿಗೆ ಹಾಕಿ ನಿಟ್ಟುಸಿರುಬಿಟ್ಟರು. "ಭಾಷಣದಲ್ಲಿ ನಿನ್ನ ಹೆಸರೂ ತಗೊಂಡಿದೀನಿ. ಇಲ್ಲೇ ಒಂದ್ಸಲ ಓದ್ತೀನಿ, ಕೇಳು."

ಕೇಳಲೇಬೇಕಾಯಿತು. ಭಾಷಣ ತಂಬಾಕಿನ ಹುಟ್ಟಿನಿಂದ ಶುರುವಾಗಿ ತಮ್ಮಯ್ಯನ ತ್ಯಾಗಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. "ಇಂಥ ಧೀರ ನಮ್ಮೂರಿನಲ್ಲಿದ್ದಾನೆ" ಎಂದು ಅವರು ಕೈಯೆತ್ತುವುದಕ್ಕೂ ಬೀರೂರಿನ ಕಡೆಯಿಂದ ರೈಲಿನ ಸಿಳ್ಳೆ ಕೇಳುವುದಕ್ಕೂ ಸರಿಹೋಯಿತು. ತಮ್ಮಯ್ಯ ಮೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಓಡಿದ.

ಏದುಸಿರು ಬಿಡುತ್ತ ಪ್ಲಾಟ್‌ಫಾರಂ ಸೇರಿದಾಗ ಮಾವನವರು ಇಳಿದಾಗಿತ್ತು. ಬಿಳಿ ಮೀಸೆ, ಹೆಗಲ ಮೇಲೆ ಶಲ್ಯ. ಹಿಂದೆ ಟ್ರಂಕಿನ ಪಕ್ಕ ಸುಲೋಚನಮ್ಮ. ಅವಳನ್ನು ಕಂಡದ್ದೇ ತಮ್ಮಯ್ಯನಿಗೆ ಎದೆ ತುಂಬಿಬಂತು. ಅಳಿಯನಾದವನು ಮಾಡಬೇಕಾದ್ದನ್ನು ಮಾಡಿದ. ಬಗ್ಗಿ ಮಾವನ ಕಾಲಿಗೆ ಬಿದ್ದ.

ಅವನು ಬೀಳುವುದಕ್ಕೆ ಮುಂಚೆ ಜೇಬಿನಲ್ಲಿದ್ದುದೆಲ್ಲ ಬಿತ್ತು. ಬೀಡಿ ಕಟ್ಟು ಬಲಗಾಲ ಮೇಲೆ, ಪ್ಯಾಕುಗಳೆರಡು ಎಡಗಾಲ ಮೇಲೆ. ಬೆಂಕಿಪೊಟ್ಟಣ ಬಾಯಿಬಿಟ್ಟುಕೊಂಡು ಕಡ್ಡಿ ಚೆಲ್ಲಿತು. ಲೈಟರು ಠಣ್ ಎಂದು ಕಲ್ಲಿಗೆ ಬಡಿದು, ನೋಡದೆ ಇದ್ದವರನ್ನೂ ಕರೆಯಿತು.

"ಏನ್ರೀ ಇದು ಅಳಿಯಂದ್ರೇ" ಅಂದರು ಹನುಮಂತಪ್ಪನವರು, ಕಾಲು ಅಲ್ಲಾಡಿಸದೆ. "ಹೂವಿನ ಬದಲಾ?"

"ಮಾವ, ದೇವರಾಣೆ, ನನ್ನವಲ್ಲ!"

"ಮತ್ಯಾರವು?"

ತಮ್ಮಯ್ಯ ಕತ್ತೆತ್ತಿ ನೋಡಿದ. ಹತ್ತು ಮಾರು ದೂರದಲ್ಲಿ ಲಕ್ಕಣ್ಣ, ಅಂಜಿನಮ್ಮನ ಹಿಂದೆ ನಿಂತು ಎರಡೂ ಕೈ ಮುಗಿಯುತ್ತಿದ್ದ. ಆಚೆ ಕಂಬದ ಹತ್ತಿರ ಕರಿಯಣ್ಣ ಅಣ್ಣನ ಗಂಟು ಹೊತ್ತುಕೊಂಡು ಕಣ್ಣಲ್ಲೇ ಬೇಡುತ್ತಿದ್ದ. ಇವರ ಹೆಸರು ಹೇಳಿದರೆ ಇವತ್ತು ಎರಡು ಮನೆ ಮುರಿಯುತ್ತದೆ, ಹೇಳದಿದ್ದರೆ ತನ್ನದು.

ಸುಲೋಚನಮ್ಮ ಮುಂದೆ ಬಂದಳು. "ಊದಿ" ಅಂದಳು.

"ಇಲ್ಲೇನೇ?"

"ಇಲ್ಲೇ."

ಇಡೀ ಪ್ಲಾಟ್‌ಫಾರಂ ನೋಡುತ್ತಿರುವಾಗ ತಮ್ಮಯ್ಯ ಹೆಂಡತಿಯ ಮುಖಕ್ಕೆ ಹಾ ಎಂದು ಊದಿದ. ಅವಳು ಮೂಸಿದಳು, ಇನ್ನೊಮ್ಮೆ ಊದಿಸಿ ಮೂಸಿದಳು. ಮುಖ ಅರಳಿತು.

"ಇಲ್ಲ ಅಪ್ಪ, ಬರೀ ರಾಗಿ ಹಿಟ್ಟಿನ ವಾಸನೆ. ಈ ಮಹಾರಾಯರು ಕಾಸು ಕೊಟ್ಟು ಒಂದು ಬೀಡಿ ಕೊಂಡೋರಲ್ಲ, ಮೂರು ಥರದ್ದು ಕೊಳ್ತಾರಾ? ಯಾರೋ ಇವರ ತಲೆಗೆ ಕಟ್ಟಿರ್ತಾರೆ."

ಹೊಗಳಿದಳೋ ತೆಗಳಿದಳೋ ತಮ್ಮಯ್ಯನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಉಸಾಬರಿಗೂ ಹೋಗಲಿಲ್ಲ. ಅವಳು ಟ್ರಂಕು ಎತ್ತಿ ಮನೆ ಕಡೆ ತಿರುಗಿದ್ದಳು, ಅಷ್ಟು ಸಾಕಾಗಿತ್ತು. ಹನುಮಂತಪ್ಪನವರು ಮಾತ್ರ ಬಗ್ಗಿ ಎಲ್ಲವನ್ನೂ ಒಂದೊಂದಾಗಿ ಹೆಕ್ಕಿ ಶಲ್ಯದಲ್ಲಿ ಕಟ್ಟಿಕೊಂಡರು. "ಇವು ನನ್ನ ವಶದಲ್ಲಿರ್ಲಿ. ಇವಕ್ಕೆ ನಾನೇ ಒಂದು ಗತಿ ಕಾಣಿಸ್ತೀನಿ."

ಇಪ್ಪತ್ತು ದಿನದ ಮೇಲೆ ಗಂಟಿಲ್ಲದ ಮುದ್ದೆ, ಹುರುಳಿಕಾಳಿನ ಸಾರು ಉಂಡು ತಮ್ಮಯ್ಯ ಗೊರಕೆ ಹೊಡೆದು ನಿದ್ದೆ ಮಾಡಿದ. ಸಂಜೆ ಎದ್ದು ದನಕ್ಕೆ ಹುಲ್ಲು ಹಿರಿಯಲೆಂದು ಹಿತ್ತಲಿಗೆ ಹೋದರೆ ಬಣವೆಯ ಹಿಂದಿನಿಂದ ಹೊಗೆ ಏಳುತ್ತಿತ್ತು.

"ಅಯ್ಯಯ್ಯೋ, ಬೆಂಕಿ!" ಎಂದು ಕೂಗಿ, ತೊಟ್ಟಿಯ ಪಕ್ಕದಲ್ಲಿದ್ದ ತುಂಬಿದ ಕೊಡ ಎತ್ತಿಕೊಂಡು ನುಗ್ಗಿದ.

ಬಣವೆಯ ಹಿಂದೆ ಹನುಮಂತಪ್ಪನವರು ಕುಕ್ಕರುಗಾಲಿನಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ, ಲಕ್ಕಣ್ಣನ ಬೀಡಿ ಎಳೆಯುತ್ತಿದ್ದರು. ಅಳಿಯನನ್ನೂ ಕೊಡವನ್ನೂ ಕಂಡು ಹೊಗೆ ಅರ್ಧಕ್ಕೇ ನಿಂತಿತು. ಇಬ್ಬರೂ ಬಾಯಿಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿದರು.

"ಎಲ್ರೀ ಬೆಂಕಿ?" ಎಂದು ಸುಲೋಚನಮ್ಮ ಓಡಿಬರುವ ಸದ್ದಾಯಿತು.

ಹನುಮಂತಪ್ಪನವರಿಗೆ ಅರವತ್ತೈದು ವರ್ಷ. ಆದರೂ ಎದ್ದು ನಿಂತದ್ದು, ಅಳಿಯನ ಕೊಡ ಕೆಳಗಿಳಿಸಿದ್ದು, ಉರಿಯುವ ಬೀಡಿಯನ್ನು ಅವನ ಬೆರಳ ಸಂದಿಗೆ ಸಿಕ್ಕಿಸಿ ಎರಡು ಹೆಜ್ಜೆ ಹಿಂದೆ ಸರಿದು ಹುಬ್ಬು ಗಂಟುಹಾಕಿದ್ದು ಎಲ್ಲವೂ ಒಂದೇ ಉಸಿರಿನಲ್ಲಿ ಮುಗಿದುಹೋಯಿತು.

ಸುಲೋಚನಮ್ಮ ಬಂದವಳು ಗಂಡನ ಕೈ ನೋಡಿದಳು. ಆಮೇಲೆ ಮುಖ. ಕಣ್ಣಲ್ಲಿ ನೀರು ತುಂಬಿತು. "ಅಷ್ಟು ಜನರ ಮುಂದೆ ನಿಮ್ಮ ಪರ ಮಾತಾಡಿದ್ನಲ್ರೀ!"

ಇದು ನಿಮ್ಮಪ್ಪಂದು ಕಣೇ ಅಂದರೆ ಮುಗಿಯಿತು. ಆದರೆ ಮಗಳ ಕಣ್ಣಲ್ಲಿ ಇಷ್ಟು ವರ್ಷ ದೊಡ್ಡವರಾಗಿದ್ದ ಆ ಮುದುಕ, ಅವಳ ಬೆನ್ನ ಹಿಂದೆ ನಿಂತು ಲಕ್ಕಣ್ಣನಂತೆಯೇ ಎರಡೂ ಕೈ ಮುಗಿಯುತ್ತಿದ್ದರು. ತಮ್ಮಯ್ಯ ತಲೆ ತಗ್ಗಿಸಿದ.

"ನಡೀರಪ್ಪ, ಬೆಳಿಗ್ಗೆ ಗಾಡಿಗೆ ಹೊರಟುಬಿಡಾಣ."

"ಬೇಡ ಮಗಳೇ" ಅಂದರು ಹನುಮಂತಪ್ಪನವರು. ಗಂಟಲು ಸರಿಮಾಡಿಕೊಂಡರು. ಧ್ವನಿ ಗಟ್ಟಿಯಾಯಿತು. "ಹೋದ್ರೆ ಈ ಮನುಷ್ಯ ಇನ್ನೂ ಕೆಡ್ತಾರೆ. ನೀನು ಸಂಸಾರ ನೋಡ್ಕೊ. ನಾನು ಒಂದು ತಿಂಗಳು ಇಲ್ಲೇ ಇದ್ದು ದಿನಾ ಸಂಜೆ ಬುದ್ಧಿ ಹೇಳಿ ಬಿಡಿಸ್ತೀನಿ. ನಡೀರಿ ಅಳಿಯಂದ್ರೇ, ಇವತ್ತಿಂದ್ಲೇ ಶುರು."

ಸುಲೋಚನಮ್ಮ ಕಣ್ಣೊರೆಸಿಕೊಂಡಳು. ಬೇಲಿಯಾಚೆ ನಿಂತು ಕೇಳಿಸಿಕೊಂಡ ಅಂಜಿನಮ್ಮ, "ಮಾವ ಅಂದ್ರೆ ಹಿಂಗಿರ್ಬೇಕು ಕಣೇ, ದೇವರಂಥೋರು" ಅಂದಳು. ಆ ದೇವರು ಅಳಿಯನ ರಟ್ಟೆ ಹಿಡಿದು ಕೆರೆ ಏರಿಯ ಕಡೆ ಎಳೆದುಕೊಂಡು ಹೋದರು.

ಏರಿಯ ಹಿಂದೆ ಹೊಂಗೆ ಮರದ ಕೆಳಗೆ ಇಬ್ಬರೂ ಕೂತರು.

"ಮಾವ, ನಾನು ನಿಜವಾಗ್ಲೂ ಬಿಟ್ಟಿದ್ದೆ."

"ಗೊತ್ತು ಕಣ್ರೀ. ಬಾಯಿ ಮುಚ್ಕೊಂಡಿದ್ದು ದೊಡ್ಡ ಗುಣ, ನಾನು ಸಾಯೋತನಕ ಮರೆಯಲ್ಲ." ಹನುಮಂತಪ್ಪನವರು ಶಲ್ಯದ ಗಂಟು ಬಿಚ್ಚಿದರು. "ಯಗಟಿಲಿ ನನ್ನ ಕಷ್ಟ ನಿಮಗೇನು ಗೊತ್ತು. ಊರಿಗೆಲ್ಲ ದೊಡ್ಡ ಮನುಷ್ಯ ಆಗ್ಬಿಟ್ಟು ಮೂವತ್ತು ವರ್ಷದಿಂದ ಹಳ್ಳದಾಗೆ ಒಬ್ನೇ ಕೂತು ಸೇದ್ತಿದೀನಿ. ಜೊತೆ ಇಲ್ದೆ ಸೇದೋದು ಒಂದು ಸೇದೋದಾ?"

ಅವರು ಎರಡು ಬೀಡಿಯನ್ನು ಒಟ್ಟಿಗೆ ಬಾಯಲ್ಲಿಟ್ಟು, ಮೇಷ್ಟ್ರ ಲೈಟರಿನಿಂದ ಹಚ್ಚಿ, ಒಂದನ್ನು ಬಹಳ ಪ್ರೀತಿಯಿಂದ ಅಳಿಯನ ಮುಂದೆ ಹಿಡಿದರು.

"ಬೇ..." ಅಂದ ತಮ್ಮಯ್ಯ. ಮುಂದಿನದು ಹೊರಡಲಿಲ್ಲ. ಹಿರಿಯರ ಕೈ ಚಾಚಿಯೇ ಇತ್ತು. ತಗೊಂಡ.

ಮೊದಲ ದಮ್ಮಿಗೇ ಕೆಮ್ಮು ಬಂತು. ಹನುಮಂತಪ್ಪನವರು ಅವನ ಬೆನ್ನು ನೀವುತ್ತ, ಕೆರೆಯ ಮೇಲೆ ನಿಧಾನವಾಗಿ ಹೊಗೆ ಬಿಟ್ಟರು.

"ನೋಡಿದ್ರೆ ನಿಮ್ಮನ್ನ ಬಿಡಿಸೋಕೆ ಒಂದು ತಿಂಗಳು ಸಾಲೋ ಹಂಗೆ ಕಾಣ್ಸಲ್ಲ ಅಳಿಯಂದ್ರೇ. ದೀಪಾವಳಿ ಕಳೀಲಿ ಅಂತ ಸುಲೋಚನಂಗೆ ಹೇಳ್ಬಿಡ್ತೀನಿ."