ಬಾಯಿ ಬಿಡದೋಳಿಗೆ ದೀಕ್ಷಾಸ್ನಾನ

ನಮ್ಮನೇಲಿ ಯಾರಾದ್ರೂ ದೀಕ್ಷಾಸ್ನಾನದ ಮಾತೆತ್ತಿದ್ರೆ ಸಾಕು, ಏನಾದ್ರೂ ಒಂದು ಎಡವಟ್ಟು ಬಾಗಿಲಲ್ಲೇ ಕಾಯ್ತಿರುತ್ತೆ. ಎಲ್ಲಾ ನನ್ನಿಂದಾನೇ. ಇದನ್ನ ಇದುವರೆಗೂ ಯಾರಿಗೂ ಹೇಳಿಲ್ಲ. ಹೇಳೋಕೆ ಬಾಯಿ ಬಂದಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ.

ನಮ್ಮದು ಮಂಡಿಕಲ್ ಪಕ್ಕದ ಹಳ್ಳಿ. ಎರಡು ವರ್ಷದ ಹಿಂದೆ ಅಪ್ಪ ಅಮ್ಮ ತಲೆಗೆ ನೀರು ಹಾಕಿಸ್ಕೊಂಡು ಕ್ರೈಸ್ತರಾಗಿ ದೀಕ್ಷಾಸ್ನಾನ ತಗೊಂಡಾಗ ನಾನು ಕಾಮಾಲೆ ಬಂದು ಮಲಗಿದ್ದೆ. ಆಮೇಲೆ ಅಯ್ಯನೋರು, ಅಂದ್ರೆ ಪಾದ್ರಿಗಳು, "ಈಗ ದೊಡ್ಡೋಳಾಗಿದೀಯ, ಪ್ರಶ್ನೋತ್ತರ ಕಲಿತು ನಿನ್ನ ಬಾಯಲ್ಲೇ ಎಲ್ಲರ ಮುಂದೆ ಹೇಳ್ಬೇಕು" ಅಂದ್ರು. ಕಲಿಯೋದು ನನಗೆ ಕಷ್ಟ ಅಲ್ಲ. ಹೇಳೋದೇ ಕಷ್ಟ. ಪ್ರಾರ್ಥನೆ ಮನೇಲಿ ಯೇಸುವಿನ ನೆನಪಿಗೆ ರೊಟ್ಟಿ ಹಂಚೋ ಕರ್ತನ ಭೋಜನದ ದಿನ ಎಲ್ಲರೂ ಮುಂದೆ ಹೋಗಿ ಮೊಣಕಾಲೂರ್ತಾರೆ. ದೀಕ್ಷಾಸ್ನಾನ ಆಗದೆ ಹಿಂದೆ ಉಳಿಯೋರು ಇಬ್ಬರೇ, ನಾನು ಮತ್ತೆ ಅಜ್ಜಿ. ಅಜ್ಜಿ ನನ್ನ ಜೊತೆಗಿರೋಕೆ ಬರೋದು ಅಷ್ಟೇ. ಅಮ್ಮ ರೊಟ್ಟಿ ಚೂರಿಗೆ ಕೈ ಒಡ್ಡಿದಾಗ ಇಲ್ಲಿ ನನ್ನ ಕೈಯೂ ತಾನಾಗೇ ಬೊಗಸೆ ಆಗೋದು. ಯಾರಾದ್ರೂ ನೋಡೋ ಮುಂಚೆ ದಾವಣಿ ಕೆಳಗೆ ಮುಚ್ಚಿಟ್ಕೋತಿದ್ದೆ.

ಅಜ್ಜಿ ಪಾಸು

ಅಯ್ಯನೋರಿಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲಾ ಸುತ್ತಿ ನಮ್ಮೂರಿಗೆ ಬರೋಕೆ ಎರಡು ಮೂರು ತಿಂಗಳಾಗೋದು. ಮೊದಲನೇ ಸಲ ಬಂದಾಗ ನಡುಮನೇಲಿ ಕೂತು ಕೇಳಿದ್ರು, "ದೀಕ್ಷಾಸ್ನಾನ ಅಂದ್ರೆ ಏನಮ್ಮ?"

ಪ್ರಶ್ನೋತ್ತರದ ಪುಸ್ತಕದಲ್ಲಿ ಅದರ ಉತ್ತರ ಎಡಗಡೆ ಪುಟದಲ್ಲಿ ಕೆಳಗಿದೆ. ಪಕ್ಕದಲ್ಲಿ ಎಣ್ಣೆ ಕಲೆ ಇದೆ. ನನಗೆ ಅದೆಲ್ಲಾ ಕಣ್ಣಿಗೆ ಕಾಣ್ತಿತ್ತು. ಹೇಳೋ ಬದಲು ಚಾಪೆ ಕಡ್ಡಿ ಕೀಳ್ತಾ ಕೂತೆ.

ಬಾಗಿಲ ಹತ್ರ ಅವರೆಕಾಯಿ ಸುಲೀತಿದ್ದ ಅಜ್ಜಿ, "ಅವಳಿಗೆ ಗೊತ್ತು ಸ್ವಾಮಿ. ದಿನಾ ಗೊಣಗಿ ಗೊಣಗಿ ನನಗೇ ಬಂದ್ಬಿಟ್ಟಿದೆ" ಅಂದು, ಕಾಯಿಂದ ಕಣ್ಣೆತ್ತದೆ ಉತ್ತರ ಪೂರ್ತಿ ಒಪ್ಪಿಸಿದ್ಲು. ಮುಂದಿನ ಮೂರು ಪ್ರಶ್ನೆಗೂ ಅವಳೇ ಹೇಳಿದ್ಲು.

ಅಯ್ಯನೋರು ಪುಸ್ತಕ ಮುಚ್ಚಿದ್ರು. "ಅಜ್ಜಿ ಪಾಸು. ಮೊಮ್ಮಗಳು ಮುಂದಿನ ಸಲ."

"ನನಗ್ಯಾಕೆ ಸ್ವಾಮಿ ಈ ವಯಸ್ಸಲ್ಲಿ ಪಾಸು?" ಅಂದ್ಲು ಅಜ್ಜಿ. "ಅವಳ ಹೆಸರಿಗೆ ಬರ್ಕೊಂಬಿಡಿ."

ಬಿಟ್ಟುಬಿಟ್ಟಿದ್ದೇನೆ

ನಮಗೆ ಪಾಠ ಹೇಳೋ ಉಪದೇಶಿಗಳು ಒಂದು ಉಪಾಯ ಕೊಟ್ರು. "ಯಾರೂ ಇಲ್ಲದ ಕಡೆ ಹೋಗಿ ಜೋರಾಗಿ ಹೇಳಿ ಅಭ್ಯಾಸ ಮಾಡ್ಕೊಳಮ್ಮ."

ಹಿಪ್ಪುನೇರಳೆ ತೋಟದ ನಡುವೆ ನಿಂತು, ಸೈತಾನನನ್ನ ತ್ಯಜಿಸೋ ಭಾಗ ಹೇಳ್ದೆ. "ಅವನನ್ನು ಬಿಟ್ಟುಬಿಟ್ಟಿದ್ದೇನೆ. ಅವನ ಆಡಂಬರವನ್ನೂ ಬಿಟ್ಟುಬಿಟ್ಟಿದ್ದೇನೆ. ಇನ್ನೆಂದೂ ಅವನ ಹಿಂದೆ ಹೋಗೋದಿಲ್ಲ." ನನ್ನ ದನಿ ಅಷ್ಟು ದೊಡ್ಡದಾಗಿದೆ ಅಂತ ನನಗೇ ಗೊತ್ತಿರ್ಲಿಲ್ಲ. ಖುಷಿಗೆ ನಾಕು ಸಲ ಹೇಳ್ದೆ.

ಆಚೆ ಸಾಲಲ್ಲಿ ಪಕ್ಕದ ಮನೆಯಾಕೆ ಸೊಪ್ಪು ಕೊಯ್ತಿದ್ಲು. ನಾನು ಮನೆ ಸೇರೋಷ್ಟರಲ್ಲಿ ಆಕೆ ಅಜ್ಜಿ ಮುಂದೆ ಬಂದು ಕೂತಿದ್ಲು.

"ಏಮಮ್ಮಾ, ನಿನ್ ಮೊಮ್ಮಗಳು ಯಾವನ್ನೋ ಬಿಟ್ಬಿಟ್ಟಳಂತಲ್ಲ?"

"ಯಾವನ್ನೇ?"

"ಹೆಸರು ಹೇಳ್ಲಿಲ್ಲ. ಯಾವನೋ ಆಡಂಬರದೋನು. ಬಿಟ್ಟಿದ್ದೇ ಒಳ್ಳೇದಾಯ್ತು ಬಿಡು. ನಮ್ಮ ತಂಗಿ ಮಗ ಒಬ್ಬ ಇದಾನೆ, ಬಲೇ ಸಾದಾ."

ಆ ಸಾದಾ ಹುಡುಗನಿಂದ ತಪ್ಪಿಸ್ಕೊಳ್ಳೋಕೆ ಸೈತಾನನ್ನ ಬಿಟ್ಟಿದ್ದಕ್ಕಿಂತ ಜಾಸ್ತಿ ಕಷ್ಟ ಆಯ್ತು.

ನಾಕು ಸಲ

ಒಂದಿನ ಅಜ್ಜಿ ನಮ್ಮ ರೇಷ್ಮೆಹುಳಕ್ಕೆ ಸೊಪ್ಪು ಹಾಕ್ತಾ ಕೇಳಿದ್ಲು, "ಅಲ್ಲ ಕಣೇ, ಅಯ್ಯನೋರು ತಲೆಗೆ ನೀರು ಹಾಕಿದ್ರೆ ಏನಾಗುತ್ತೆ? ಪುಸ್ತಕದ್ದು ಬೇಡ, ನೀನು ಹೇಳು."

ಅಜ್ಜಿ ಹತ್ರ ನನಗೆ ಬಾಯಿ ಬರುತ್ತೆ. "ಹಳೇದು ಸಾಯುತ್ತೆ ಅಜ್ಜಿ. ಹೊಸಬಳಾಗಿ ಏಳ್ತೀನಿ. ಆಮೇಲೆ ನಾನು ಒಬ್ಬಳೇ ಅಲ್ಲ, ದೇವರ ಮನೆಯೋಳು."

ಅಜ್ಜಿ ರೇಷ್ಮೆಹುಳದ ತಟ್ಟೆ ತೋರಿಸಿದ್ಲು. "ಇವೂ ಹಂಗೇ ಅಲ್ವಾ? ಮೇವು ಬಿಟ್ಟು, ತಲೆ ಎತ್ತಿ, ಜ್ವರಕ್ಕೆ ಕೂತ್ಕೊಂತವೆ. ಹಳೇ ಚರ್ಮ ಕಳಚಿ ಹೊಸದಾಗಿ ಏಳ್ತವೆ."

ಇಷ್ಟು ದಿನ ಓದಿದ್ದು ನನಗೆ ಆಗ ಅರ್ಥ ಆಯ್ತು. ಆ ನೀರು ಎಷ್ಟು ಬೇಕು ಅನ್ನಿಸ್ತು ಅಂದ್ರೆ ಬುಟ್ಟಿ ಸೊಪ್ಪೆಲ್ಲ ಒಂದೇ ತಟ್ಟೆಗೆ ಸುರಿದ್ಬಿಟ್ಟೆ.

ಅಜ್ಜಿ ಹೆಚ್ಚಾದ ಸೊಪ್ಪನ್ನ ಪಕ್ಕದ ತಟ್ಟೆಗೆ ಹರಡಿದ್ಲು. "ಆದ್ರೆ ಹುಳಕ್ಕೇ ನಾಕು ಸಲ ಬೇಕು. ನಿನ್ನಂಥೋಳನ್ನ ಅಯ್ಯನೋರು ಒಂದೇ ಸಲಕ್ಕೆ ಮುಗಿಸ್ತಾರಾ?"

ಹುಳ ಕಾಯಲ್ಲ

ಕೊನೆಗೂ ದೀಕ್ಷಾಸ್ನಾನಕ್ಕೆ ದಿನ ಗೊತ್ತಾಯ್ತು. ಅವತ್ತು ಬೆಳಿಗ್ಗೆ ಎದ್ದು ನೋಡಿದ್ರೆ ನಮ್ಮ ಹುಳ ಎಲ್ಲಾ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟೋಕೆ ತಯಾರಾಗಿವೆ. ಹಣ್ಣಾದ ಹುಳಾನ ಆಗಿಂದಾಗ್ಲೇ ಆರಿಸಿ ಗೂಡು ಕಟ್ಟೋ ಬಿದಿರಿನ ತಟ್ಟಿ, ಚಂದ್ರಿಕೆ ಮೇಲೆ ಬಿಡ್ಬೇಕು, ಇಲ್ಲಾಂದ್ರೆ ತಟ್ಟೇಲೇ ನೂಲು ಬಿಟ್ಟು ಹಾಳಾಗ್ತವೆ. ಸಭೆಯೋರೆಲ್ಲ ನಮ್ಮ ಕೆಲಸಕ್ಕೆ ಕೈ ಜೋಡಿಸೋಕೆ ಬಂದ್ರು. ಪ್ರಾರ್ಥನೆ ಮನೆ ಖಾಲಿ.

ಅಯ್ಯನೋರು ಪೆರೇಸಂದ್ರದಲ್ಲಿ ಬಸ್ಸಿಳಿದು ನಡ್ಕೊಂಡು ಬಂದು, ಬೀಗ ನೋಡಿ, ನಮ್ಮನೆಗೇ ಬಂದ್ರು. ಹುಳದ ಮನೆ ಹೊಸಲಲ್ಲಿ ಅಜ್ಜಿ ತಡೆದು, "ಯಾರೇ ಆಗ್ಲಿ ಸ್ವಾಮಿ, ತೊಳ್ಕೊಳ್ದೆ ಒಳಗೆ ಬರಂಗಿಲ್ಲ" ಅಂತ ಕೈಕಾಲಿಗೆ ಒಂದು ಬಿಂದಿಗೆ ನೀರು ಸುರಿದ್ಲು.

"ಇವತ್ತು ದೀಕ್ಷೆ ನನಗೇ ಆಯ್ತಲ್ಲ" ಅಂತ ಅಯ್ಯನೋರು ಅಂಗಿ ತೋಳು ಮಡಚಿ ನನ್ನ ಪಕ್ಕದಲ್ಲೇ ಹುಳ ಆರಿಸೋಕೆ ಕೂತ್ರು. ಆರಿಸ್ತಾ ಆರಿಸ್ತಾ ಒಂದೊಂದೇ ಪ್ರಶ್ನೆ ಕೇಳಿದ್ರು. ನನ್ನ ಕಣ್ಣೆಲ್ಲ ಹುಳದ ಮೇಲೆ. ಹೇಳ್ತಾ ಹೋದೆ. ಮುಗಿದ ಮೇಲೆ ನೋಡಿದ್ರೆ ಎಲ್ಲರೂ ಕೈ ನಿಲ್ಲಿಸಿ ನನ್ನೇ ನೋಡ್ತಿದ್ರು.

"ಸಭೆಯೂ ಇಲ್ಲೇ ಇದೆ. ಏಳಮ್ಮ" ಅಂದ್ರು ಅಯ್ಯನೋರು. ಹುಳದ ಮನೇಲಿ ನೀರು ಚೆಲ್ಲೋಕೆ ಅಜ್ಜಿ ಬಿಡ್ಲಿಲ್ಲ. ಅಂಗಳದಲ್ಲಿ ನಿಂತ್ವಿ.

"ಯೇಸುವನ್ನ ನಂಬ್ತೀಯಾ?"

ಕೈಯಲ್ಲಿ ಹುಳ ಇರ್ಲಿಲ್ಲ. ದಾವಣಿ ಅಂಚು ತಿರುಚ್ತಾ ನಿಂತೆ. ಅಯ್ಯನೋರು ಕಾದ್ರು. ಅಮ್ಮ ಸೆರಗು ಬಾಯಿಗಿಟ್ಕೊಂಡ್ಲು. ಇವತ್ತು ತಪ್ಪಿದ್ರೆ ಇನ್ನು ಮೂರು ತಿಂಗಳು.

ಒಳಗಿಂದ ಅಜ್ಜಿ ಕೂಗಿದ್ಲು, "ಬೇಗ ಹೇಳೇ! ಹುಳ ಕಾಯಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ನಂಬ್ತೀನಿ, ಸ್ವಲ್ಪ ತಡಿಯಜ್ಜೀ" ಅಂತ ಬೀದಿಗೆಲ್ಲ ಕೇಳೋ ಹಂಗೆ ಕಿರಿಚಿದೆ.

ಅಯ್ಯನೋರು ಮೂರು ಬೊಗಸೆ ನೀರು ಹಾಕಿದ್ರು. ಆಮೇಲೆ ಮೆಲ್ಲಗೆ, "ತಡಿಯಜ್ಜಿ ಅನ್ನೋದು ಪುಸ್ತಕದಲ್ಲಿಲ್ಲ. ಇರ್ಲಿ" ಅಂದ್ರು.

ಎಲ್ಲರೂ ಒಳಗೆ ಹೋದ್ರು. ನೀರು ಬೈತಲೆಯಿಂದ ಕೆನ್ನೆಗಿಳೀತಿತ್ತು. ಒರೆಸ್ಕೊಳ್ಳೋಕೆ ಮನಸೇ ಬರ್ಲಿಲ್ಲ, ಆರದೇ ಇರ್ಲಿ ಅಂತ ನೆರಳಿಗೆ ಸರಿದು ನಿಂತೆ. ಅಜ್ಜಿ ಬಟ್ಟೆ ಹಿಡ್ಕೊಂಡು ಬಂದೋಳು ನನ್ನ ಮುಖ ನೋಡಿ ಬಟ್ಟೆ ಹೆಗಲಿಗೆ ಹಾಕ್ಕೊಂಡ್ಲು.

"ಆರೋವರ್ಗೂ ನಿಂತ್ಕೋ" ಅಂದ್ಲು. "ನಿನ್ನ ತಟ್ಟೆ ಹುಳಾನ ಅಯ್ಯನೋರ ಕೈಲಿ ಆರಿಸ್ತೀನಿ. ಬಸ್ಸಿಗೆ ಇನ್ನೂ ಹೊತ್ತಿದೆ."