ಲಂಗರಿಗೊಂದು ಮಂಗಳಾರತಿ

ಪೂಜೆ ಮಾಡದ ಯಂತ್ರವನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಟೊರಾಂಟೊ ಪಕ್ಕದ ಮೆಡೋವೇಲ್‌ನ ಆಫೀಸಿನಲ್ಲಿ ನನ್ನ ಕಂಪ್ಯೂಟರಿನ ಹಣೆಗೆ ಪ್ರತಿವರ್ಷ ಕುಂಕುಮ ಬೀಳುತ್ತದೆ. ಆಯುಧಪೂಜೆಯ ಬೆನ್ನಿಗೇ ಹಿಮ ಬೀಳುವ ಊರಾದ್ದರಿಂದ, ಗರಾಜಿನಲ್ಲಿರುವ ಹಿಮ ತೆಗೆಯುವ ಮಶೀನಿಗೂ ಸೇವಂತಿಗೆ ಹಾರ ಉಂಟು. ಪೂಜೆಗೆ ಮೊದಲು ಅವನ್ನೆಲ್ಲ ಬಿಚ್ಚಿ, ತೊಳೆದು, ಒರೆಸಿಡುವುದು ನನ್ನ ಪಾಲಿನ ಕೆಲಸ. ದಿನವಿಡೀ ಸಾಫ್ಟ್‌ವೇರ್ ಬರೆಯುವವನ ಕೈಗೆ ಒಂದು ಸ್ಪ್ಯಾನರ್ ಸಿಕ್ಕರೆ ಆಗುವ ಆನಂದವನ್ನು ಹೇಳಲಾರೆ. ಈ ಆನಂದವೇ ಒಮ್ಮೆ ಥಾಯ್ಲೆಂಡಿನ ಸಮುದ್ರದಲ್ಲಿ ನನ್ನ ಮಾನ ಕಳೆಯಿತು.

ನನ್ನ ಹೆಂಡತಿ ಪದ್ಮಾಗೆ ನೀರೆಂದರೆ ಭಯ. ಟೊರಾಂಟೊದ ದ್ವೀಪಕ್ಕೆ ಹೋಗುವ ಫೆರಿಯನ್ನು ಕೂಡ ದಡದಲ್ಲಿ ನಿಂತೇ ನೋಡಿದವಳು. ವಿಟ್ಬಿಯಲ್ಲಿರುವ ಗೆಳೆಯ ಬಸವರಾಜ, ಮೂಲತಃ ಧಾರವಾಡದವನು, ಬೇಸಿಗೆಯೆಲ್ಲ ಅಲ್ಲಿನ ಸರೋವರದಲ್ಲಿ ಹಾಯಿದೋಣಿ ಓಡಿಸುತ್ತಿದ್ದ. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈ-ಟು-ಕೆ ಗಲಾಟೆ ಮುಗಿದ ಮೇಲಿನ ಒಂದು ಚಳಿಗಾಲ ಆತ ಥಾಯ್ಲೆಂಡಿನಲ್ಲಿ ರಾತ್ರಿ ಒಳಗೇ ಮಲಗಬಹುದಾದ ದೊಡ್ಡ ಹಾಯಿದೋಣಿ, ಅಂದರೆ ಯಾಟ್, ಬಾಡಿಗೆಗೆ ಹಿಡಿದು ನಮ್ಮನ್ನೂ ಕರೆದ. ಪದ್ಮಾಳನ್ನು ವಾರಗಟ್ಟಲೆ ಗೋಗರೆದೆ. ಕೊನೆಗೆ ಷರತ್ತು ಹಾಕಿ ಒಪ್ಪಿದಳು: "ರಾತ್ರಿ ಮಲಗಿದ್ಮೇಲೆ ಬೋಟು ಜಾಗ ಬಿಟ್ಟು ಕದಲಕೂಡದು. ಕದಲ್ತೋ, ನಾನೂ ಅನೂ ನೆಕ್ಸ್ಟ್ ಫ್ಲೈಟಲ್ಲಿ ವಾಪಸ್. ಆಮೇಲೆ ಯಾವತ್ತೂ ನೀರಿನ ಮಾತೆತ್ತಬೇಡಿ." ಅನು ನಮ್ಮ ಮಗಳು, ಆಗಿನ್ನೂ ಹೈಸ್ಕೂಲು. "ಲಂಗರು ನನ್ನ ಡಿಪಾರ್ಟ್‌ಮೆಂಟು, ಬಿಡು" ಎಂದೆ.

ಥಾಯ್ಲೆಂಡಿನ ದಡದಿಂದ ಯಾಟ್ ಹೊರಡುವ ದಿನ ಬೆಳಿಗ್ಗೆ ಲಂಗರಿಗೆ ಪೂಜೆ. ಲಂಗರು ಯಾಟಿನ ಮೂತಿಯಾಚೆ ನೇತಾಡುತ್ತಿತ್ತು; ಅಲ್ಲಿಯವರೆಗೆ ಬಗ್ಗಲು ಪದ್ಮಾಗೆ ಧೈರ್ಯವಿಲ್ಲ. ನಾನು ಸ್ಪ್ಯಾನರ್ ಹಾಕಿ ಅದನ್ನು ಸರಪಳಿಯಿಂದ ಬಿಚ್ಚಿ, ಎತ್ತಿ ತಂದು, ತೊಳೆದು ಅವಳ ಮುಂದಿಟ್ಟೆ. ಅರಿಶಿನ, ಕುಂಕುಮ, ಮಂಗಳಾರತಿ ಎಲ್ಲ ಸಾಂಗವಾಗಿ ಆಯಿತು. ಪ್ರಸಾದದ ರವೆಉಂಡೆ ಬಾಯಿಗಿಟ್ಟುಕೊಂಡು ಲಂಗರನ್ನು ಹೊತ್ತೊಯ್ದು ಅದರ ಜಾಗದಲ್ಲಿ ಕೂರಿಸಿದೆ. ಕೂರಿಸಿದೆ, ಅಷ್ಟೇ.

ಸಂಜೆಗೆ ಸುತ್ತಲೂ ಸುಣ್ಣಕಲ್ಲಿನ ದ್ವೀಪಗಳಿರುವ ಕೊಲ್ಲಿಯೊಂದನ್ನು ಸೇರಿದೆವು. ಹಸಿರು ನೀರಿನಿಂದ ನೆಟ್ಟಗೆ ಎದ್ದ ಗುಡ್ಡಗಳು, ನೆತ್ತಿಯ ಮೇಲೆ ಪೊದೆಗಳು, ಗಾಳಿ ಬಂದರೂ ಮೆಲ್ಲಗೆ. "ಚೆನ್ನಾಗಿದೆ ಕಣ್ರೀ" ಎಂದಳು ಪದ್ಮಾ. ನನಗೆ ಹಿಡಿಸಲಾರದಷ್ಟು ಖುಷಿ. ಹಿಂದೆ ಚುಕ್ಕಾಣಿ ಹಿಡಿದಿದ್ದ ಬಸವರಾಜ "ಬಿಡ್ರಿ ಸಾಹೇಬ್ರ!" ಎಂದು ಕೂಗಿದ. ನಾನು ಅನು ಹಿಡಿದ ಕ್ಯಾಮೆರಾದತ್ತ ಹಲ್ಲು ಕಿರಿಯುತ್ತ, ಪೂಜೆಯಾದ ವಸ್ತುವಿಗೆ ಕಾಲು ತಾಗಬಾರದೆಂದು ಎರಡೂ ಕೈಯಿಂದ ಲಂಗರನ್ನು ತಳ್ಳಿದೆ. ಧೊಪ್ಪೆಂದಿತು. ಸರಪಳಿ ಬಿಡುವ ಸ್ವಿಚ್ ಒತ್ತಿದೆ, ಅದೂ ಗಡಗಡ ಇಳಿಯಿತು. ಎಲ್ಲರೂ ಚಹಾ ಹಿಡಿದು ಕೂತೆವು.

"ರೀ, ಆ ಗುಡ್ಡ ಯಾಕೆ ಹತ್ರ ಬರ್ತಿದೆ?"

"ಅದು ಕಣ್ಣಿನ ಭ್ರಮೆ ಪದ್ಮಾ. ಸಂಜೆ ಬೆಳಕಿಗೆ ಹಾಗೇ ಕಾಣತ್ತೆ."

"ಡ್ಯಾಡ್," ಎಂದಳು ಅನು, "ಐ ಕ್ಯಾನ್ ಸೀ ದ ಕ್ರ್ಯಾಬ್ಸ್ ಆನ್ ಇಟ್."

ಬಸವರಾಜ ಚಹಾ ಚೆಲ್ಲಿ ಇಂಜಿನ್ನಿಗೆ ಓಡಿದ. ನಾನು ಸರಪಳಿ ಮೇಲೆಳೆದೆ. ತುದಿಯಲ್ಲಿ ಏನೂ ಇರಲಿಲ್ಲ.

"ಲಂಗರ ಎಲ್ಲಿ ಹೋತ್ರೀ?"

"ಪೂಜೆಗೆ ಬಿಚ್ಚಿದ್ದೆ."

"ಹೊಳ್ಳಿ ಹಚ್ಚೂದು ಬ್ಯಾಡೇನ್ರಿ ಮತ್ತ!" ಎನ್ನುತ್ತ ಆತ ಯಾಟನ್ನು ಹಿಂದಕ್ಕೆ ತಂದು, ಸೀಟಿನ ಕೆಳಗಿದ್ದ ಇನ್ನೊಂದು ಲಂಗರನ್ನು ತಾನೇ ಇಳಿಸಿದ. ನಾನು ಪದ್ಮಾಳ ಮುಖ ನೋಡಲಿಲ್ಲ. ನೀರಿನ ಮಾತು ಇಲ್ಲಿಗೆ ಮುಗಿಯಿತೆಂದು ನಿಜಕ್ಕೂ ಸಂಕಟವಾಯಿತು.

ಆದರೆ ಅವಳು ನಿಧಾನವಾಗಿ ಹೇಳಿದಳು: "ಲಂಗರೇ ಇಲ್ದೆ ಇಷ್ಟೊತ್ತು ನಮ್ಮನ್ನ ಕಾಪಾಡ್ತಲ್ಲ, ಪೂಜೆ ಫಲ ಅಂದ್ರೆ ಇದು." ಅಂದು ರಾತ್ರಿ ಗೊರಕೆ ಹೊಡೆದು ಮಲಗಿದಳು. ಭಯವೂ ಆ ಲಂಗರಿನ ಜೊತೆಗೇ ಹೋಯಿತು. ಮುಂದಿನ ಬೇಸಿಗೆಯಲ್ಲಿ ಬಸವರಾಜನ ಹಾಯಿದೋಣಿಯನ್ನು ಮೊದಲು ಹತ್ತಿದವಳು ಅವಳೇ.

ಅವಳಿಗೆ ಭಯವೀಗ ನನ್ನ ಬಗ್ಗೆ ಮಾತ್ರ. ಮೊನ್ನೆ ಹೊಸ ವ್ಯಾನಿನ ಪೂಜೆಗೆ ರಿಚ್ಮಂಡ್ ಹಿಲ್‌ನ ದೇವಸ್ಥಾನಕ್ಕೆ ಹೋಗಿದ್ದೆವು. ಅರ್ಚಕರು ಚಕ್ರಗಳಡಿ ನಿಂಬೆಹಣ್ಣಿಟ್ಟು "ಯಜಮಾನರು ಮುಂದೆ ಬರಬೇಕು" ಎಂದರು.

"ಬರ್ಲಿ," ಎಂದಳು ಪದ್ಮಾ, "ಮೊದಲು ಜೇಬು ತೋರಿಸ್ಲಿ."

ತೋರಿಸಿದೆ. ಸ್ಪ್ಯಾನರ್ ಇತ್ತು.